ಹಳೇ ಕಾರ್ಬುರೇಟರಿಗೆ ಹೊಸ ಕೆಲಸ: ಸಿಲಿಂಡರಿಗೊಂದು ಥ್ರಾಟಲ್

ಚೆನ್ನೈಯ ಪುದುಪೇಟೆ, ದೆಹಲಿಯ ಮಾಯಾಪುರಿ, ಮುಂಬೈಯ ಕುರ್ಲಾ, ಊರಿಗೆ ಹೋದಾಗ ಹಾದುಹೋಗುವ ಬೆಂಗಳೂರಿನ ಶಿವಾಜಿನಗರ - ಯಾವ ಗುಜರಿ ಸಾಲಿಗೆ ಹೋದರೂ ಹಳೇ ಕಾರ್ಬುರೇಟರುಗಳು ಕಣ್ಣಿಗೆ ಬೀಳುತ್ತವೆ. ಮಾರುತಿ 800 ಕಾರಿಗೆ 2000ದಲ್ಲೇ ಎಂ.ಪಿ.ಎಫ್.ಐ. ಬಂತು. ಬೈಕುಗಳಲ್ಲಿ ಕಾರ್ಬುರೇಟರ್ ಇನ್ನೂ ಇಪ್ಪತ್ತು ವರ್ಷ ತಳ್ಳಿತು. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದ ಮೇಲೆ ಹೊಸ ಬೈಕುಗಳಿಂದಲೂ ಬಹುತೇಕ ಜಾಗ ಖಾಲಿ ಮಾಡಿತು.

ಆದರೆ ಹಳೇ ಗಾಡಿಯ ಹುಚ್ಚಿರುವ ಕೆಲವರು ಅದೇ ಗುಡ್ಡೆಯಿಂದ ಒಂದು ಒಳ್ಳೇ ಸೆಟ್ ಆರಿಸಿ ತರುತ್ತಾರೆ. ಒಳಗಿನ ಜೆಟ್ಟು, ಫ್ಲೋಟು, ಸೂಜಿ ಎಲ್ಲ ಕಿತ್ತು, ಖಾಲಿ ಒಡಲನ್ನು ಫ್ಯೂಯಲ್ ಇಂಜೆಕ್ಷನ್ ಎಂಜಿನ್ನಿಗೆ ಥ್ರಾಟಲ್ ಬಾಡಿಯಾಗಿ ಕೂರಿಸುತ್ತಾರೆ. ಇದು ಬರೀ ಶೋಕಿಯೇ, ಇಲ್ಲಾ ಇದರಲ್ಲಿ ಅರ್ಥವಿದೆಯೇ? ಎರಡೂ ಇದೆ. ಯಾವುದು ಎಷ್ಟು ಅನ್ನುವುದೇ ಇವತ್ತಿನ ವಿಷಯ.

ಮೊದಲು, ಈಗ ಈ ಮಾತು ಯಾಕೆ ಅಂತ ಹೇಳಿಬಿಡುತ್ತೇನೆ. ಬಂಕುಗಳಲ್ಲಿ ಈಗ ಸಿಗುತ್ತಿರುವುದು ಶೇಕಡಾ 20ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲ್, ಅಂದರೆ ಇ20. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ ಬರೀ 9 ಕಿಲೋ ಸಾಕು. ಇಪ್ಪತ್ತು ಭಾಗ ಬೆರೆಸಿದರೆ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಹಳೇ ಕಾರ್ಬುರೇಟರಿನ ಜೆಟ್ಟಿಗೆ ಈ ಗಣಿತ ಗೊತ್ತಿಲ್ಲ. ಅದು ಮೊದಲಿನಷ್ಟೇ ಸುರಿಯುತ್ತದೆ, ಆಗ ಮಿಶ್ರಣ ಹೆಚ್ಚುಕಡಿಮೆ ಶೇಕಡಾ 8ರಷ್ಟು ತೆಳುವಾಗುತ್ತದೆ. ಎಂಜಿನ್ ಬಿಸಿಯಾಗುವುದು, ಪಿಕಪ್ ಕೊಡುವಾಗ ಮುಕ್ಕರಿಸುವುದು, ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು ಎಲ್ಲಕ್ಕೂ ಇದು ಒಂದು ಕಾರಣ. ಜೆಟ್ ದೊಡ್ಡದು ಹಾಕಿಸಿದರೆ ಅರ್ಧ ಪರಿಹಾರ ಸಿಗುತ್ತದೆ, ಅದನ್ನು ಮೊದಲು ಮಾಡಿಸಿ ನೋಡಿ ಅಂತಲೇ ನಾನೂ ಹೇಳುವುದು. ಇಂಜೆಕ್ಷನ್ ಆದರೆ ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಕೂತು, ಉರಿದದ್ದು ಹೆಚ್ಚೋ ಕಡಿಮೆಯೋ ಅಂತ ಕ್ಷಣಕ್ಷಣಕ್ಕೂ ವರದಿ ಒಪ್ಪಿಸುತ್ತದೆ. ಅದಕ್ಕೆ ತಕ್ಕಂತೆ ಪೆಟ್ರೋಲ್ ಹೊಂದಿಕೊಳ್ಳುತ್ತದೆ.

ಉಳಿಯುವುದು ಯಾವುದು, ಹೋಗುವುದು ಯಾವುದು

ಕಾರ್ಬುರೇಟರ್ ಮಾಡುವುದು ಎರಡು ಕೆಲಸ. ಒಂದು, ಎಂಜಿನ್ನಿಗೆ ಎಷ್ಟು ಗಾಳಿ ಹೋಗಬೇಕು ಅಂತ ಬಾಗಿಲು ಕಾಯುವುದು. ನಿಮ್ಮ ಆಕ್ಸಿಲರೇಟರ್ ತಿರುಗಿಸುವುದು ಆ ಬಾಗಿಲನ್ನೇ, ಅಂದರೆ ಸ್ಪಿಂಡಲ್ ಮೇಲೆ ಕೂತ ದುಂಡನೆ ಬಟರ್‌ಫ್ಲೈ ಬಿಲ್ಲೆಯನ್ನು. ಎರಡನೆಯದು, ಹೋಗುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬೆರೆಸುವುದು. ಅದಕ್ಕಾಗಿ ದಾರಿಯಲ್ಲಿ ಒಂದು ಕಡೆ ಸೊಂಟ ಸಣ್ಣ ಮಾಡಿರುತ್ತಾರೆ, ಅದೇ ವೆಂಚುರಿ. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿದು, ಪಕ್ಕದ ತೊಟ್ಟಿಯಿಂದ ಪೆಟ್ರೋಲ್ ತಾನಾಗಿ ಎಳೆದುಕೊಂಡು ಬರುತ್ತದೆ. ಸೊಳ್ಳೆಗೆ ಹೊಡೆಯುತ್ತಿದ್ದ ಹಳೇ ಫ್ಲಿಟ್ ಪಂಪು ನೆನಪಿದೆಯಲ್ಲ, ಅದೇ ಉಪಾಯ.

ಈಗ ನಾವು ಮಾಡುವುದು ಇಷ್ಟೇ: ಮೊದಲನೇ ಕೆಲಸವನ್ನು ಹಳೇ ಕಾರ್ಬುರೇಟರಿನ ಕೈಯಲ್ಲೇ ಬಿಡುತ್ತೇವೆ, ಎರಡನೆಯದರಿಂದ ಅದಕ್ಕೆ ನಿವೃತ್ತಿ ಕೊಡುತ್ತೇವೆ. ಕೇಳಲು ಬಹಳ ಸುಲಭ. ಆದರೆ ಆ ಎರಡನೇ ಕೆಲಸದ ಜೊತೆಗೇ ಒಂದು ಗುಣವೂ ಸದ್ದಿಲ್ಲದೆ ಹೊರಟುಹೋಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ, ಇಡೀ ಕಥೆಯ ಗಂಟು ಇರುವುದು ಅಲ್ಲೇ.

ಎಲ್ಲ ಕಾರ್ಬುರೇಟರೂ ಇದಕ್ಕೆ ಆಗುವುದಿಲ್ಲ. ಹಳೇ ಬುಲೆಟ್ಟಿನಂಥ ಬೈಕುಗಳಲ್ಲಿ ಬಟರ್‌ಫ್ಲೈ ಇಲ್ಲ, ಮೇಲೆ ಕೆಳಗೆ ಜಾರುವ ಸ್ಲೈಡ್ ಇರುತ್ತದೆ. ತಿರುಗುವ ಸ್ಪಿಂಡಲ್ಲೇ ಇಲ್ಲದ ಮೇಲೆ, ಎಷ್ಟು ತೆರೆದಿದೆ ಅಂತ ಅಳೆಯುವ ಸೆನ್ಸರನ್ನು ಕೂರಿಸುವುದೇ ತಲೆನೋವು. ಮಾರುತಿ 800ರ ಥರ ಮೂರು ಸಿಲಿಂಡರಿಗೂ ಸೇರಿ ಒಂದೇ ಕಾರ್ಬುರೇಟರ್ ಇದ್ದ ಗಾಡಿಗೂ ಇದು ಅನಗತ್ಯ. ದಿನಾ ಆಫೀಸಿಗೆ ಓಡಿಸುವ ಕಾರಾದರೆ ಒಂದೇ ಥ್ರಾಟಲ್ ಬಾಡಿಯ ಇಂಜೆಕ್ಷನ್ ಧಾರಾಳ ಸಾಕು. ಕಂಪನಿಯವರೇ ಹಾಗೆ ಮಾಡಿದರು, ಅವರು ದಡ್ಡರಲ್ಲ.

ಇದು ಒಪ್ಪುವುದು ಮೊದಲಿಂದಲೂ ಸಿಲಿಂಡರಿಗೊಂದು ಬಾಯಿ ಇದ್ದ ಎಂಜಿನ್ನುಗಳಿಗೆ. ಇದರಲ್ಲಿ ಹೆಸರುವಾಸಿ ಇಟಲಿಯ ವೆಬರ್ ಡಿ.ಸಿ.ಒ.ಇ. ಎಡೋರ್ಡೋ ವೆಬರ್ ಬೊಲೋನ್ಯಾದಲ್ಲಿ 1923ರಲ್ಲಿ ಶುರುಮಾಡಿದ ಕಂಪನಿ ಅದು. ಡಿ.ಸಿ.ಒ.ಇ. ಅಂದರೆ ಮಲಗಿಸಿ ಕೂರಿಸುವ, ಎರಡು ಬಾಯಿಯ ಕಾರ್ಬುರೇಟರ್. ನಾಲ್ಕು ಸಿಲಿಂಡರಿಗೆ ಇಂಥವು ಎರಡು. ಲೋಟಸ್ ಎಲಾನ್, ಆಲ್ಫಾ ರೋಮಿಯೋ ಜೂಲಿಯಾದ ರೇಸಿಂಗ್ ಮಾದರಿ ಎಲ್ಲ ಉಸಿರಾಡಿದ್ದು ಇದರಲ್ಲೇ. ಹೆಸರಿನ ಮುಂದೆ 40 ಅಂತಿದ್ದರೆ ಬಟರ್‌ಫ್ಲೈ ಇರುವ ಕಡೆ ವ್ಯಾಸ 40 ಮಿಲಿಮೀಟರ್ ಅಂತ ಅರ್ಥ. ಎರಡನೇ ಜಾತಿ, ನಾಲ್ಕು ಸಿಲಿಂಡರಿನ ಜಪಾನೀ ಬೈಕುಗಳ ನಾಲ್ಕು ಕಾರ್ಬುರೇಟರಿನ ಸಾಲು. ಇದರಲ್ಲಿ ಬಟರ್‌ಫ್ಲೈ ಒಂದು, ಅದರ ಮುಂದೆ ಗಾಳಿಯ ಸೆಳೆತಕ್ಕೆ ತಾನಾಗಿ ಏಳುವ ಸ್ಲೈಡ್ ಇನ್ನೊಂದು. ಸ್ಲೈಡ್ ತೆಗೆದರೆ ಬಟರ್‌ಫ್ಲೈ ಉಳಿಯುತ್ತದೆ.

ಕಾರು ಕಂಪನಿಗಳೂ ಈ ದಾರಿ ಹಿಡಿದಿದ್ದವು. ಅಮೆರಿಕದ ಹೊಗೆ ನಿಯಮಕ್ಕಾಗಿ ಆಲ್ಫಾ ರೋಮಿಯೋ 1969ರಲ್ಲಿ ಅಲ್ಲಿನ ಮಾದರಿಗಳಿಗೆ ವೆಬರ್ ತೆಗೆದು ಯಾಂತ್ರಿಕ ಇಂಜೆಕ್ಷನ್ ಹಾಕಿತು, ಸಿಲಿಂಡರಿಗೊಂದು ಥ್ರಾಟಲ್ ಮಾತ್ರ ಹಾಗೇ ಉಳಿಸಿಕೊಂಡಿತು. 1986ರ ಬಿ.ಎಂ.ಡಬ್ಲ್ಯು. ಎಂ3, 1989ರ ನಿಸಾನ್ ಜಿ.ಟಿ.ಆರ್. ಇವುಗಳಲ್ಲೂ ಅದೇ. ಕಾಲು ಒತ್ತಿದ ತಕ್ಷಣ ಎಂಜಿನ್ ಸ್ಪಂದಿಸುವುದೇ ಇದರ ಸುಖ. ಬಾಗಿಲಿಗೂ ವಾಲ್ವಿಗೂ ನಡುವೆ ಇರುವ ಗಾಳಿ ಒಂದು ಗೇಣಿನಷ್ಟು ಮಾತ್ರ, ಹಾಗಾಗಿ ತಡವೇ ಇಲ್ಲ.

ಶಕ್ತಿ ಎಷ್ಟು ಹೆಚ್ಚುತ್ತದೆ ಅಂತ ಎಲ್ಲರೂ ಕೇಳುವ ಪ್ರಶ್ನೆ. 40ರ ವೆಬರಿನಲ್ಲಿ 32 ಮಿಲಿಮೀಟರ್ ವೆಂಚುರಿ ಇದ್ದರೆ, ಅದನ್ನು ತೆಗೆದಾಗ ದಾರಿಯ ವಿಸ್ತೀರ್ಣ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಾಗುತ್ತದೆ. ಹಾಗಂತ ಕುದುರೆಗಳೂ ಒಂದೂವರೆ ಪಟ್ಟು ಆಗುವುದಿಲ್ಲ ಸ್ವಾಮಿ! ವಾಲ್ವು, ಕ್ಯಾಮ್ ಹಳೆಯವೇ ಇರುವಾಗ ಸಿಗುವುದು ಅಲ್ಪ ಸ್ವಲ್ಪ. ನಿಜವಾದ ಲಾಭ ಬೆಳಗಿನ ಸ್ಟಾರ್ಟಿಂಗ್, ಸ್ಥಿರವಾದ ಸ್ಲೋ, ಟ್ರಾಫಿಕ್ಕಿನಲ್ಲಿ ಮುಕ್ಕರಿಸದ ಪಿಕಪ್.

ಸಾಮಾನು ಕೊಳ್ಳುವ ಮೊದಲೇ ಕಾನೂನು ನೋಡಿಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಇನ್ನಷ್ಟು ಬಿಗಿಯಾಗಿ ಎತ್ತಿಹಿಡಿದಿದೆ. ರೇಸ್ ಟ್ರ್ಯಾಕಿಗೆ ಮಾತ್ರ ಇಟ್ಟ ಗಾಡಿಯ ಮಾತು ಬೇರೆ. ರಸ್ತೆಗೆ ಇಳಿಸುವ ಗಾಡಿಯಾದರೆ ನಿಮ್ಮ ಆರ್.ಟಿ.ಓ. ಕಚೇರಿಯಲ್ಲೂ ಇನ್ಶೂರೆನ್ಸ್ ಕಂಪನಿಯಲ್ಲೂ ಬರೆದು ಕೇಳಿ, ಬರೆದ ಉತ್ತರ ಪಡೆಯಿರಿ. ಮೆಕ್ಯಾನಿಕ್ "ಏನೂ ಆಗಲ್ಲ ಸಾರ್" ಅಂದದ್ದು ಉತ್ತರವಲ್ಲ.

ಲೇತಿನ ಮುಂದೆ

ಗುಜರಿಯಲ್ಲಿ ಸೆಟ್ ಕೈಗೆತ್ತಿಕೊಂಡಾಗ ಹೊಳಪು ನೋಡಬೇಡಿ, ಸ್ಪಿಂಡಲ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಇದ್ದರೆ ಅಲ್ಲೇ ಇಟ್ಟು ಮುಂದೆ ನಡೆಯಿರಿ. ಸ್ಲೋದಲ್ಲಿ ಬಟರ್‌ಫ್ಲೈ ಕೂದಲೆಳೆಯಷ್ಟು ತೆರೆದಿರುತ್ತದೆ. ಸ್ಪಿಂಡಲ್ ಸಂದಿನಿಂದ ನುಸುಳುವ ಕಳ್ಳಗಾಳಿ ಆಗ ಒಟ್ಟು ಗಾಳಿಯ ದೊಡ್ಡ ಪಾಲೇ ಆಗಿಬಿಡುತ್ತದೆ. ವೆಬರಿನಲ್ಲಿ ಸ್ಪಿಂಡಲಿಗೆ ಬಾಲ್ ಬೇರಿಂಗ್ ಇರುವುದರಿಂದ ಸರಿಪಡಿಸುವುದು ಸಲೀಸು.

ಆಮೇಲೆ ಬಿಚ್ಚುವ ಕೆಲಸ. ವೆಂಚುರಿ, ಜೆಟ್, ಫ್ಲೋಟ್, ಆಕ್ಸಿಲರೇಟರ್ ಪಂಪ್ ಎಲ್ಲ ಹೊರಗೆ. ಇಲ್ಲಿ ಬಹಳ ಜನ ನಿಲ್ಲಿಸಿಬಿಡುತ್ತಾರೆ. ಆದರೆ ಒಡಲಿನೊಳಗೆ ಪೆಟ್ರೋಲ್ ಹರಿಯುತ್ತಿದ್ದ ಸಣ್ಣ ಸಣ್ಣ ಸುರಂಗಗಳು ಇನ್ನೂ ಬಾಯಿ ತೆರೆದುಕೊಂಡೇ ಇರುತ್ತವೆ. ಅದರಲ್ಲೂ ಬಟರ್‌ಫ್ಲೈ ಅಂಚಿನ ಹತ್ತಿರ ಸಾಲಾಗಿ ಕೊರೆದ ಸೂಜಿಮೊನೆ ತೂತುಗಳು. ಸ್ಲೋದಿಂದ ಪಿಕಪ್ಪಿಗೆ ಹೋಗುವಾಗ ಪೆಟ್ರೋಲ್ ಕೊಡುತ್ತಿದ್ದವು ಇವೇ. ಈಗ ಇವು ಗಾಳಿ ಕದಿಯುತ್ತವೆ. ದೊಡ್ಡವಕ್ಕೆ ಮರೆ ಕೊರೆದು ಸ್ಕ್ರೂ ಪ್ಲಗ್, ಸಣ್ಣವಕ್ಕೆ ಪೆಟ್ರೋಲಿಗೆ ಕರಗದ ಎಪಾಕ್ಸಿ ತುಂಬಿ ಮುಚ್ಚಬೇಕು. ಬೈಕಿನ ಸೆಟ್ಟಾದರೆ ಸ್ಲೈಡ್ ಇದ್ದ ದೊಡ್ಡ ಕಿಂಡಿಗೆ ಅಲ್ಯೂಮಿನಿಯಂ ತುಂಡು ಕಡೆಸಿ, ಒಳಗೋಡೆಗೆ ಸಮನಾಗಿ ಕೂರಿಸಬೇಕು.

ಬಟರ್‌ಫ್ಲೈ ಬಿಚ್ಚಿದ್ದರೆ ಅದರ ಎರಡು ಪುಟ್ಟ ಸ್ಕ್ರೂಗಳ ಮೇಲೆ ಗಮನವಿರಲಿ. ಕಂಪನಿಯಲ್ಲಿ ಅವುಗಳ ತುದಿ ಜಜ್ಜಿ ಭದ್ರ ಮಾಡಿರುತ್ತಾರೆ. ಮತ್ತೆ ಹಾಕುವಾಗ ಹೊಸ ಸ್ಕ್ರೂ, ಲಾಕಿಂಗ್ ಅಂಟು, ಜೊತೆಗೆ ಜಜ್ಜುವಿಕೆ ಮೂರೂ ಬೇಕು. ಸಡಿಲಾದ ಸ್ಕ್ರೂಗೆ ಹೋಗಲು ಇರುವ ದಾರಿ ಒಂದೇ, ನೇರ ಸಿಲಿಂಡರಿನೊಳಕ್ಕೆ.

ಇಂಜೆಕ್ಟರ್ ಎಲ್ಲಿ ಕೂರಬೇಕು? ಕಾರ್ಬುರೇಟರ್ ಒಡಲಲ್ಲಲ್ಲ, ಅದಕ್ಕೂ ಎಂಜಿನ್ ಹೆಡ್ಡಿಗೂ ನಡುವಿನ ಮ್ಯಾನಿಫೋಲ್ಡಿನಲ್ಲಿ, ವಾಲ್ವಿನ ಬೆನ್ನಿಗೆ ಗುರಿಯಿಟ್ಟು. ಇದಕ್ಕೆ ಇನ್ನೊಂದು ಕಾರಣವೂ ಇದೆ: ಬೈಕಿನ ಕಾರ್ಬುರೇಟರುಗಳಲ್ಲಿ ಅನೇಕವು ಸತುವಿನ ಮಿಶ್ರಲೋಹದವು, ಬಿಸಿ ತಾಗಿದರೆ ಕುಸಿದು ಕೂರುತ್ತವೆ. ಅಲ್ಯೂಮಿನಿಯಂ ಮ್ಯಾನಿಫೋಲ್ಡಿಗಾದರೆ ಆರ್ಗಾನ್ ವೆಲ್ಡಿಂಗ್‌ನವರು ಇಂಜೆಕ್ಟರಿನ ಗೂಡನ್ನು ಚೆನ್ನಾಗಿ ಕೂರಿಸಿಕೊಡುತ್ತಾರೆ.

ಇಂಜೆಕ್ಟರ್ ದೊಡ್ಡದಿದ್ದಷ್ಟೂ ಒಳ್ಳೆಯದು ಅನ್ನುವುದು ತಪ್ಪು. 80 ಕುದುರೆ ಶಕ್ತಿಯ ನಾಲ್ಕು ಸಿಲಿಂಡರ್ ಎಂಜಿನ್ನಿಗೆ, ತಲಾ ನಿಮಿಷಕ್ಕೆ ಸುಮಾರು 130 ಮಿಲಿಲೀಟರ್ ಸುರಿಸುವ ಇಂಜೆಕ್ಟರ್ ಸಾಕಾಗುತ್ತದೆ. ಅಗಲದ್ದು ಹಾಕಿದರೆ ಸ್ಲೋದಲ್ಲಿ ಅದು ಒಂದೆರಡು ಮಿಲಿಸೆಕೆಂಡ್ ತೆರೆದರೂ ಹೆಚ್ಚಾಗಿ, ಎಂಜಿನ್ ತಡವರಿಸುತ್ತದೆ.

ಪೆಟ್ರೋಲ್ ಪೈಪಿನ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗದರಿಸಿಯೇ ಹೇಳುತ್ತೇನೆ. ಕಾರ್ಬುರೇಟರಿಗೆ ಪೆಟ್ರೋಲ್ ಬರುತ್ತಿದ್ದುದು ಸುಮಾರು 0.2 ರಿಂದ 0.3 ಬಾರ್ ಒತ್ತಡದಲ್ಲಿ. ಇಂಜೆಕ್ಷನ್ನಿಗೆ ಬೇಕಾದ್ದು ಸಾಮಾನ್ಯವಾಗಿ 3 ಬಾರ್, ಅಂದರೆ ಹತ್ತು ಪಟ್ಟು. ಹಳೇ ರಬ್ಬರ್ ಪೈಪಿನಲ್ಲಿ ಮೊದಲು ತೊಟ್ಟಿಕ್ಕುತ್ತಿದ್ದ ಜಾಗ ಈಗ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಪಿಚಕಾರಿ ಹೊಡೆಯುತ್ತದೆ. ಮೇಲಾಗಿ ಎಥನಾಲ್ ಹಳೇ ರಬ್ಬರನ್ನು ಉಬ್ಬಿಸುತ್ತದೆ, ಬಿರುಕು ಬಿಡಿಸುತ್ತದೆ. ಆದ್ದರಿಂದ ಟ್ಯಾಂಕಿನಿಂದ ರೈಲ್‌ವರೆಗೆ, ಹಿಂತಿರುಗುವ ಲೈನೂ ಸೇರಿ, ಎಲ್ಲ ಪೈಪು ಹೊಸದಾಗಿರಬೇಕು. ಇಂಜೆಕ್ಷನ್ ಒತ್ತಡಕ್ಕೂ ಎಥನಾಲಿಗೂ ತಾಳುವಂಥದ್ದೇ ಆಗಬೇಕು. ಕ್ಲಿಪ್ಪೂ ಇಂಜೆಕ್ಷನ್ನಿನದೇ. ಹಲ್ಲು ಕೊರೆದ ಮಾಮೂಲಿ ಕ್ಲಿಪ್ ಪೈಪನ್ನು ಕಡಿಯುತ್ತದೆ. ಪಂಪಿಗೆ ರಿಲೇ ಇಟ್ಟು, ಎಂಜಿನ್ ತಿರುಗುವುದು ನಿಂತ ಎರಡು ಸೆಕೆಂಡಿನಲ್ಲಿ ಪಂಪೂ ನಿಲ್ಲುವ ಹಾಗೆ ಇ.ಸಿ.ಯು. ಕೈಗೆ ಕೊಡಿ. ಅಪಘಾತದಲ್ಲಿ ಎಂಜಿನ್ ನಿಂತರೂ ಪಂಪ್ ಸುರಿಯುತ್ತಲೇ ಇದ್ದರೆ ಏನಾದೀತು ಅಂತ ಬಿಡಿಸಿ ಹೇಳಬೇಕಿಲ್ಲ. ಹಣ ಉಳಿಸಲು ಈ ಕೆಲಸದಲ್ಲಿ ಹತ್ತು ಜಾಗವಿದೆ, ಇದು ಅವುಗಳಲ್ಲಿ ಒಂದಲ್ಲ.

ಲೆಕ್ಕ ಇಡುವ ಪೆಟ್ಟಿಗೆ

ಇ.ಸಿ.ಯು.ಗೆ ಎರಡು ಸುದ್ದಿ ಮುಖ್ಯವಾಗಿ ಬೇಕು: ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ, ಒಳಗೆ ಎಷ್ಟು ಗಾಳಿ ಹೋಗುತ್ತಿದೆ. ಮೊದಲನೆಯದಕ್ಕೆ ಕ್ರ್ಯಾಂಕಿನ ಪುಲ್ಲಿಗೆ 36 ಹಲ್ಲಿನ ಚಕ್ರ ಕೂರಿಸಿ, ಒಂದು ಹಲ್ಲು ತೆಗೆದಿರುತ್ತಾರೆ. ಹಲ್ಲಿಗೆ 10 ಡಿಗ್ರಿ, ಬೋಳು ಜಾಗ ಬಂದಾಗ ಒಂದು ಸುತ್ತು ಅಂತ ಲೆಕ್ಕ. ಮನೆಯಲ್ಲೇ ಜೋಡಿಸಿಕೊಳ್ಳುವವರಿಗೆ ಮೆಗಾಸ್ಕ್ವರ್ಟ್ ಅನ್ನುವ ಇ.ಸಿ.ಯು. 2001ರಿಂದ ಇದೆ, ಅದಕ್ಕಿಂತ ಸುಧಾರಿಸಿದವು ಆಮೇಲೆ ಬಂದಿವೆ. ಅಂದಹಾಗೆ ರೇಡಿಯೋದವರ ಒಂದು ಸಲಹೆ: ರೆಸಿಸ್ಟರ್ ಇರುವ ಪ್ಲಗ್ಗನ್ನೇ ಹಾಕಿ. ಇಲ್ಲದಿದ್ದರೆ ಕಿಡಿಯ ಕರಕರ ಸದ್ದು ನಿಮ್ಮ ಕಾರಿನ ರೇಡಿಯೋಗೆ ಮಾತ್ರವಲ್ಲ, ಕ್ರ್ಯಾಂಕ್ ಸೆನ್ಸರಿನ ವೈರಿಗೂ ನುಗ್ಗಿ ಇಲ್ಲದ ಹಲ್ಲನ್ನು ಎಣಿಸುತ್ತದೆ!

ಎರಡನೇ ಸುದ್ದಿ, ಗಾಳಿಯದು, ಸ್ವಲ್ಪ ಕಷ್ಟ. ಸಾಮಾನ್ಯ ಕಾರಿನಲ್ಲಿ ಮ್ಯಾನಿಫೋಲ್ಡಿನ ಒತ್ತಡ ಅಳೆದು ಗಾಳಿ ತಿಳಿಯುತ್ತಾರೆ. ಸಿಲಿಂಡರಿಗೊಂದು ಥ್ರಾಟಲ್ ಇದ್ದಾಗ ಆ ಒತ್ತಡ ಪಟಪಟ ಬಡಿದುಕೊಳ್ಳುತ್ತದೆ. ಪೆಡಲ್ ಸ್ವಲ್ಪ ಒತ್ತಿದರೆ ಸಾಕು, ಹೊರಗಿನ ಒತ್ತಡಕ್ಕೆ ಹತ್ತಿರ ಬಂದುಬಿಡುತ್ತದೆ. ಅಲ್ಲಿಂದ ಮುಂದೆ ಅದು ಹೇಳುವುದು ಏನೂ ಇಲ್ಲ. ಹಾಗಾಗಿ ಸ್ಪಿಂಡಲಿನ ತುದಿಗೆ ಥ್ರಾಟಲ್ ಪೊಸಿಷನ್ ಸೆನ್ಸರ್ ಕೂರಿಸಿ, ಬಾಗಿಲು ಎಷ್ಟು ಡಿಗ್ರಿ ತೆರೆದಿದೆ ಮತ್ತು ಎಂಜಿನ್ ವೇಗ ಎಷ್ಟು ಅನ್ನುವ ಎರಡರ ಕೋಷ್ಟಕದಿಂದ ಪೆಟ್ರೋಲ್ ತೀರ್ಮಾನಿಸುತ್ತಾರೆ.

ಇದರಲ್ಲಿ ನಮ್ಮಂಥವರಿಗೆ ಒಂದು ಗುಂಡಿ ಇದೆ. ಮುಂಬೈಯಲ್ಲೋ ಚೆನ್ನೈಯಲ್ಲೋ ಕೂತು ಕೋಷ್ಟಕ ಹೊಂದಿಸಿ, ರಜೆಗೆ ಬೆಂಗಳೂರಿಗೆ ಹೊರಟಿರಿ ಅಂದುಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಅಲ್ಲಿ ಗಾಳಿಯ ಒತ್ತಡ ಸುಮಾರು ಶೇಕಡಾ 10 ಕಡಿಮೆ. ಕಾರ್ಬುರೇಟರಾದರೆ ತೆಳು ಗಾಳಿಗೆ ಎಳೆತವೂ ಕಮ್ಮಿಯಾಗಿ, ಪೆಟ್ರೋಲ್ ಶೇಕಡಾ ಐದರಷ್ಟು ಮಾತ್ರ ಹೆಚ್ಚಾಗುತ್ತಿತ್ತು. ಬರೀ ಬಾಗಿಲಿನ ಕೋನ ನೋಡುವ ಇ.ಸಿ.ಯು.ಗೆ ಬೆಟ್ಟವೂ ಗೊತ್ತಿಲ್ಲ, ಘಾಟಿಯೂ ಗೊತ್ತಿಲ್ಲ. ಪೂರ್ತಿ ಹತ್ತು ಭಾಗ ಹೆಚ್ಚು ಸುರಿಯುತ್ತದೆ, ಹಳೇ ಕಾರ್ಬುರೇಟರಿಗಿಂತ ಕಡೆ! ಆದ್ದರಿಂದ ಹೊರಗಿನ ಗಾಳಿಯ ಒತ್ತಡ ಅಳೆಯುವ ಇನ್ನೊಂದು ಸೆನ್ಸರ್ ಬೇಕೇ ಬೇಕು. ಅನೇಕರು ಇದನ್ನು ಬಿಟ್ಟುಬಿಟ್ಟು, ಘಾಟಿ ಹತ್ತಿದ ಮೇಲೆ ಕಪ್ಪು ಹೊಗೆ ನೋಡಿ ಇಂಜೆಕ್ಟರನ್ನು ಬೈಯುತ್ತಾರೆ.

ಸದ್ದಿಲ್ಲದೆ ಹೋದ ಗುಣ

ಈಗ ಮೊದಲು ಹೇಳಿದ ಗಂಟಿಗೆ ಬರೋಣ. ನಾಲ್ಕು ಬಾಯಿಯ ಕಾರ್ಬುರೇಟರಿನಲ್ಲಿ ಒಂದು ಬಾಯಿ ಸ್ವಲ್ಪ ಕಡಿಮೆ ತೆರೆದಿದ್ದರೆ ಏನಾಗುತ್ತಿತ್ತು? ಆ ಸಿಲಿಂಡರಿಗೆ ಗಾಳಿ ಕಡಿಮೆ, ಎಳೆತ ಕಡಿಮೆ, ಹಾಗಾಗಿ ಪೆಟ್ರೋಲೂ ಕಡಿಮೆ. ಪ್ರತಿ ಬಾಯಿಯೂ ತನ್ನ ಹಸಿವಿಗೆ ತಕ್ಕಂತೆ ತಾನೇ ಬಡಿಸಿಕೊಳ್ಳುತ್ತಿತ್ತು. ಎಂಜಿನ್ ಸ್ವಲ್ಪ ಒರಟಾಗಿ ಓಡುತ್ತಿತ್ತು, ಅಷ್ಟೇ.

ಇ.ಸಿ.ಯು. ಹಾಗಲ್ಲ. ಅದು ಒಂದೇ ಸ್ಪಿಂಡಲಿನ ಕೋನ ನೋಡಿ ನಾಲ್ಕು ಸಿಲಿಂಡರಿಗೂ ಒಂದೇ ಅಳತೆಯಲ್ಲಿ ಬಡಿಸುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಮುಖ ನೋಡದೆ ಎಲೆ ಎಲೆಗೂ ಒಂದೊಂದು ಸೌಟು ಹಾಕಿಕೊಂಡು ಹೋಗುವವರ ಹಾಗೆ. ಗಾಳಿ ಕಡಿಮೆ ಬಂದ ಸಿಲಿಂಡರಿನಲ್ಲಿ ಪೆಟ್ರೋಲ್ ಹೆಚ್ಚಾಗಿ ಮಸಿ ಕಟ್ಟುತ್ತದೆ, ಹೆಚ್ಚು ಗಾಳಿ ಬಂದ ಕಡೆ ತೆಳುವಾಗಿ ಬಿಸಿಯೇರುತ್ತದೆ. ನಾಲ್ಕೂ ಹೊಗೆ ಸೇರುವ ಕಡೆ ಕೂತ ಆಕ್ಸಿಜನ್ ಸೆನ್ಸರ್ ಓದುವುದು ಸರಾಸರಿ. ಸರಾಸರಿ ಸರಿಯಾಗಿಯೇ ಕಾಣುತ್ತದೆ. ಲ್ಯಾಪ್‌ಟಾಪಿನ ಪರದೆಯಲ್ಲಿ ಎಲ್ಲ ಚೆಂದ, ಒಳಗೆ ಒಂದು ವಾಲ್ವು ಸುಡುತ್ತಿರುತ್ತದೆ.

ಅದಕ್ಕೇ, ಇಂಜೆಕ್ಷನ್ ಆದಮೇಲೆ ಸಿಂಕ್ರನೈಸ್ ಮಾಡುವುದು ಕಾರ್ಬುರೇಟರ್ ಕಾಲಕ್ಕಿಂತ ಹೆಚ್ಚು ಮುಖ್ಯವಾಗುತ್ತದೆ, ಕಡಿಮೆಯಲ್ಲ. ಕಂಪ್ಯೂಟರ್ ಇದೆಯಲ್ಲ, ಅದೇ ನೋಡಿಕೊಳ್ಳುತ್ತದೆ ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ನಾಲ್ಕು ಬಾಯಿಗೂ ವ್ಯಾಕ್ಯೂಮ್ ಗೇಜ್ ಹಾಕಿ, ಲಿಂಕೇಜಿನ ಸ್ಕ್ರೂ ತಿರುಗಿಸುತ್ತಾ ನಾಲ್ಕು ಮುಳ್ಳೂ ಒಂದೇ ಮಟ್ಟಕ್ಕೆ ಬರುವ ತನಕ ಕೂರಬೇಕು. ಮೊದಲು ಸ್ಲೋದಲ್ಲಿ, ಆಮೇಲೆ 2500 ಸುತ್ತಿನ ಆಸುಪಾಸಿನಲ್ಲಿ ಮತ್ತೊಮ್ಮೆ. ಸ್ಲೋದಲ್ಲಿ ಸರಿಯಿದ್ದು ಮೇಲೆ ಹೋದಾಗ ಬೇರೆಯಾದರೆ ಲಿಂಕೇಜಿನಲ್ಲಿ ಸವೆತವಿದೆ ಅಂತ. ಕೋಷ್ಟಕಕ್ಕೆ ಕೈಹಾಕುವುದು ಇದಾದ ಮೇಲೇ. ಸಿಂಕ್ ಆಗದ ಎಂಜಿನ್ನಿಗೆ ಟ್ಯೂನಿಂಗ್ ಮಾಡಿಸಿದರೆ ದುಡ್ಡು ದಂಡ.

ಐನೂರು ಕಿಲೋಮೀಟರ್ ಓಡಿಸಿದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಅಂತ ಗುರುತಿಟ್ಟು, ಬಿಳಿ ಕಾಗದದ ಮೇಲೆ ಸಾಲಾಗಿ ಇಡಿ. ಆಡುಗೋಡಿಯ ಮೈಕೋ ಪ್ಲಗ್ಗಿನ ಕಾಲದ ಮೇಸ್ತ್ರಿಗಳು ಬಣ್ಣ ನೋಡಿಯೇ ಎಂಜಿನ್ನಿನ ಜಾತಕ ಹೇಳುತ್ತಿದ್ದರು. ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು, ಪ್ಲಗ್ಗಿನ ಭಾಷೆ ಬದಲಾಗಿಲ್ಲ. ನಾಲ್ಕೂ ತಿಳಿ ಕಂದು ಇದ್ದರೆ ಸರಿ. ಒಂದು ಕಪ್ಪಗಿದ್ದು ಪಕ್ಕದ್ದು ಬೆಳ್ಳಗಿದ್ದರೆ, ಪರದೆ ಏನೇ ಹೇಳಲಿ, ವ್ಯಾಕ್ಯೂಮ್ ಗೇಜ್ ಮತ್ತೆ ಹೊರಗೆ ತೆಗೆಯಿರಿ. ಅದೇ ದಿನ ಪೆಟ್ರೋಲ್ ಪೈಪಿನ ಒಂದೊಂದು ಸಂದಿಯ ಮೇಲೂ ಒಣ ಬಟ್ಟೆ ಸುತ್ತಿ ಹಿಡಿದು, ಮೂಸಿ ನೋಡಿ.